ಮಲಕಾಜಪ್ಪ ಅಕ್ಕಡಿ ಬಿಟ್ಟ ವರ್ಷ

ಮನುಷ್ಯ ಹಾಳಾಗಲಿಕ್ಕೆ ಸಾಡೇಸಾತಿ ಶನಿಯೇ ಬೇಕೆಂದಿಲ್ಲ, ಹೆಂಡತಿಯ ಅಣ್ಣ ಸಾಕು. ಆ ಅಣ್ಣ ಸೋಲಾಪುರದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟವನಾಗಿದ್ದರಂತೂ ಶನಿ ತನ್ನ ಕೆಲಸವನ್ನು ಅವನಿಗೊಪ್ಪಿಸಿ ಮನೆಗೆ ಹೋಗಿ ಮಲಗಬಹುದು.

ಮಲಕಾಜಪ್ಪನ ಊರು ಅಕ್ಕಲಕೋಟೆಯಿಂದ ನಾಗಣಸೂರಿಗೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತೆರಡರ ಬರಗಾಲ ದಾಟಿ, ಜನ ಮತ್ತೆ ಬದುವಿನ ಸಲುವಾಗಿ ಜಗಳಾಡುವಷ್ಟು ಚೇತರಿಸಿಕೊಂಡಿದ್ದ ಕಾಲ ಅದು. ಸುಗ್ಗಿ ಮುಗಿಸಿದ ಮಲಕಾಜಪ್ಪ ಬಿಳಿಜೋಳದ ಚೀಲಗಳನ್ನು ಹೇರಿಕೊಂಡು ಸೋಲಾಪುರಕ್ಕೆ, ಹೆಂಡತಿಯ ಅಣ್ಣ ಕಲ್ಯಾಣಪ್ಪನ ಅಂಗಡಿಗೆ ಹೋದ. ಕಲ್ಯಾಣಪ್ಪ ಒಂದು ಚೀಲದ ಬಾಯಿ ಬಿಚ್ಚಿ, ಒಳಗೆ ಮೊಳಕೈವರೆಗೆ ಕೈ ಹಾಕಿ, ಒಂದು ಮುಷ್ಟಿ ಕಾಳು ತೆಗೆದು, ಅಂಗಡಿಯಲ್ಲಿ ಕೂತಿದ್ದ ನಾಲ್ಕು ವ್ಯಾಪಾರಿಗಳ ಮುಂದೆ ಅಂಗೈ ಚಾಚಿ ತಂಗಿಯ ಗಂಡನನ್ನು ಕೇಳಿದ.

"ದಾಜೀ, ಇದೇನ್ರಿ? ಜ್ವಾಳದಾಗ ಕಡ್ಲಿ ಅದ, ಕುಸುಬಿ ಅದ, ಅಗಸಿ ಅದ. ಇದು ನಿಮ್ಮ ಹೊಲಾ ಏನು ಕಿಚಡಿ ಕುದಸೂ ಗಡಿಗಿ?"

"ಪಾವ್ಹಣೆ, ತೂಪ ರಾಹಿಲಂ ಕೀ!" ಎಂದ ಇನ್ನೊಬ್ಬ ವ್ಯಾಪಾರಿ. ತುಪ್ಪವೊಂದು ಹಾಕುವುದು ಉಳಿಯಿತಲ್ಲ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಮಾಲರೂ ನಕ್ಕರು. ಮಲಕಾಜಪ್ಪನೂ ನಕ್ಕ. ನಗದೆ ಏನು ಮಾಡುತ್ತಾನೆ? ಆದರೆ ಬಸ್ಸಿನಲ್ಲಿ ಅಕ್ಕಲಕೋಟೆ ಮುಟ್ಟುವವರೆಗೂ ಪಕ್ಕದಲ್ಲಿ ಕೂತವನಿಗೆ, "ಕಿಚಡಿ ಅಂದನಲೇ! ನನ್ನ ಹೊಲಕ್ಕ ಕಿಚಡಿ ಅಂದನಲೇ!" ಎಂದು ಹೇಳುತ್ತಲೇ ಬಂದ. ಪಕ್ಕದವನು ಪಂಢರಪುರದಿಂದ ತಿರುಗಿ ಬರುತ್ತಿದ್ದ ಯಾತ್ರಿಕ. ಈ ಮನುಷ್ಯನಿಗೆ ಹಸಿವಾಗಿದೆ ಎಂದು ತಿಳಿದು ಒಂದಿಷ್ಟು ಚುರಮುರಿ ಕೊಟ್ಟ.

ಜೋಳದಲ್ಲಿ ಕಡಲೆ ಹೇಗೆ ಬಂತು ಎಂಬುದು ನಮ್ಮ ಕಡೆಯ ಕೂಸಿಗೂ ಗೊತ್ತು. ಹಿಂಗಾರಿ ಜೋಳ ಬಿತ್ತುವಾಗ ಕೆಲವು ಸಾಲು ಜೋಳಕ್ಕೆ ಒಂದು ಸಾಲು ಕಡಲೆ ಹಾಕುತ್ತಾರೆ, ನಡುನಡುವೆ ಅಗಸಿ ಹಾಕುತ್ತಾರೆ, ಬದುವಿನ ಗುಂಟ ಅವರೆ ಹಬ್ಬಿಸುತ್ತಾರೆ. ಹೊಲದ ಸುತ್ತ ಕುಸುಬಿ ಇರುತ್ತದೆ, ಅದರ ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುವುದಿಲ್ಲ. ಇದಕ್ಕೆ ಅಕ್ಕಡಿ ಎನ್ನುತ್ತಾರೆ. ಅಜ್ಜ ಹಾಕಿದ, ಅಪ್ಪ ಹಾಕಿದ, ಮಗ ಹಾಕುತ್ತಾನೆ. ಯಾಕೆ ಎಂದು ಯಾರೂ ಕೇಳಿದವರಲ್ಲ. ಕೇಳದಿದ್ದುದೇ ಒಳ್ಳೆಯದಾಗಿತ್ತು.

ಬಿತ್ತಿಗೆಯ ದಿನ ಅವನ ಹೆಂಡತಿ ಗುರುಬಾಯಿ ಉಡಿಯ ತುಂಬ ಅಕ್ಕಡಿ ಬೀಜ ಕಟ್ಟಿಕೊಂಡು ಹೊಲಕ್ಕೆ ಬಂದಾಗ ಮಲಕಾಜಪ್ಪ ಕೂರಿಗೆಯ ಮುಂದೆ ಎರಡೂ ಕೈ ಅಗಲಿಸಿ ನಿಂತ.

"ಒಂದ ಕಾಳ ಬಿದ್ದೀತು ನೋಡು! ಈ ವರ್ಷ ನನ್ನ ಹೊಲದಾಗ ಬರೇ ಜ್ವಾಳ. ಶುದ್ಧ ಜ್ವಾಳ. ನಿನ್ನ ಅಣ್ಣ ಚೀಲದಾಗ ಕೈ ಹಾಕಿ ದಿನಪೂರ್ತಿ ಹುಡುಕಿದರೂ ಬ್ಯಾರೆ ಕಾಳ ಸಿಗಬಾರದು."

"ಅಂವ ಅಂಗಡ್ಯಾಗ ಕುಂತಾಂವ, ಏನೋ ಚ್ಯಾಷ್ಟಿ ಮಾಡಿರತಾನ್ರಿ. ಅಂವನ ಮಾತು ಕೇಳಿ ಯಾರರೆ ಅಕ್ಕಡಿ ಬಿಡ್ತಾರ?"

"ನೀ ಇನ್ನ ಮ್ಯಾಲ ಹೊಲದ ಮಾತ ಎತ್ತಬ್ಯಾಡ!"

"ಎತ್ತಂಗಿಲ್ಲ ಬಿಡ್ರಿ," ಎಂದಳು ಗುರುಬಾಯಿ. ಬೀಜವನ್ನು ಹಾಗೇ ಮನೆಗೆ ಒಯ್ದು ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟಳು. ಅವಳು ಕೊಟ್ಟ ಮಾತು ಉಳಿಸಿಕೊಳ್ಳುವ ಹೆಂಗಸು. ಮುಂದೆ ಆದ ಅನಾಹುತದಲ್ಲಿ ಅರ್ಧ ಪಾಲು ಈ ಗುಣದ್ದು.

ಮಲಕಾಜಪ್ಪನ ಈ ಶುದ್ಧೀಕರಣದ ಸುದ್ದಿ ಗ್ರಾಮಸೇವಕನಿಗೆ ಮುಟ್ಟಿತು. ಅವನು ಸೈಕಲ್ಲಿನ ಮೇಲೆ ಬಂದು, ಬದುವಿನ ಮೇಲೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡ. "ವಾ! ಏಕ ಶೇತ, ಏಕ ಪೀಕ! ಒಂದ ಹೊಲಕ್ಕ ಒಂದ ಬೆಳಿ! ಈ ಊರಾಗ ನನ್ನ ಮಾತು ಕೇಳಿದಾಂವ ನೀ ಒಬ್ಬನೇ ನೋಡು ಮಲಕಾಜಪ್ಪ," ಎಂದ. ಮಲಕಾಜಪ್ಪ ಅವನ ಮಾತು ಕೇಳಿರಲೇ ಇಲ್ಲ, ಆದರೆ ಹೊಗಳಿಕೆಯನ್ನು ಬೇಡವೆನ್ನುವ ಅಭ್ಯಾಸ ಅವನಿಗಿರಲಿಲ್ಲ. ಎಂಟು ದಿನದಲ್ಲಿ ಹೊಲದ ಮೂಲೆಯಲ್ಲಿ ಒಂದು ತಗಡಿನ ಬೋರ್ಡು ನಿಂತಿತು: 'ಆದರ್ಶ ಶೇತ', ಅಂದರೆ ಮಾದರಿ ಹೊಲ. ಮರಾಠಿ ಬಾರದ ಬಂಡೆಪ್ಪ ಅದನ್ನು ನೋಡಿ, ಹೊಲ ಮಾರಾಟಕ್ಕಿದೆ ಎಂದು ಊರಲ್ಲಿ ಹೇಳಿಕೊಂಡು ಬಂದ.

ಬಂಡೆಪ್ಪ ಪಕ್ಕದ ಹೊಲದವನು. ಅವನದೂ ಅವನ ತಮ್ಮ ಶಂಕರೆಪ್ಪನದೂ ಹೊಲ ಒಂದಕ್ಕೊಂದು ಅಂಟಿಕೊಂಡಿವೆ. ಅಣ್ಣತಮ್ಮಂದಿರು ಮಾತ್ರ ಅಂಟಿಕೊಂಡಿರಲಿಲ್ಲ. ಹಂಚಿಕೆಯಲ್ಲಿ ಒಂದು ಬನ್ನಿಮರ ಯಾರ ಕಡೆಗೆ ಬಂತು ಎಂಬ ಜಗಳಕ್ಕೆ ಅವರು ಮಾತು ಬಿಟ್ಟಿದ್ದರು.

ಜೋಳ ಎದೆಮಟ್ಟ ಬಂತು, ತೆನೆ ಹಿಡಿಯಿತು. ಮಲಕಾಜಪ್ಪ ದಿನಾಲು ಹೊಲಕ್ಕೆ ಹೋಗಿ, ತಲೆ ಬಾಚಿಕೊಂಡ ಮದುಮಗನನ್ನು ನೋಡಿದಂತೆ ತನ್ನ ಸಾಲುಗಳನ್ನು ನೋಡಿ ಬರುತ್ತಿದ್ದ. ಸಾಲುಗಳ ನಡುವಿನ ನೆಲ ಬೋಳಾಗಿ ಬಿಸಿಲಿಗೆ ಬಿರುಕು ಬಿಡುತ್ತಿತ್ತು. ಅದು ಅವನಿಗೆ ಕಾಣಲಿಲ್ಲ. ಕುಸುಬಿಯ ಬೇಲಿ ಇಲ್ಲದ್ದನ್ನು ಊರ ಎಮ್ಮೆಗಳು ಮಾತ್ರ ಕಂಡುಕೊಂಡು, ಒಂದು ಬದಿಯನ್ನು ಮೇಯತೊಡಗಿದ್ದವು. ಅದೂ ಅವನಿಗೆ ಕಾಣಲಿಲ್ಲ. ಎಳ್ಳ ಅಮಾವಾಸ್ಯೆಗೆ ಕಲ್ಯಾಣಪ್ಪನನ್ನೂ ಅವನ ಹೆಂಡತಿ ನೀಲಗಂಗಾಳನ್ನೂ ಕರೆಸಿ, ಈ ಹೊಲದ ನಡುವೆ ನಿಲ್ಲಿಸಿ, "ಎಲ್ಲದರಿ ಕಿಚಡಿ?" ಎಂದು ಕೇಳಬೇಕೆಂಬ ಒಂದೇ ಒಂದು ಆಸೆ ಅವನ ಕಣ್ಣಿಗೆ ಕಟ್ಟಿತ್ತು. ಕರೆಸಿಯೂ ಬಿಟ್ಟ.

ಎಳ್ಳ ಅಮಾವಾಸ್ಯೆ ಎಂದರೆ ನಮ್ಮಲ್ಲಿ ಮಧ್ಯಾಹ್ನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಎಂದೇ ಹೇಳಬೇಕು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಕಡಬು, ಅಂಬಲಿ, ಅದಕ್ಕೆಲ್ಲ ತಾಯಿಯಂತೆ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಹೊಲದಲ್ಲಿ ಆ ಹೊತ್ತಿಗೆ ಏನೇನು ಹಸಿರಿದೆಯೋ ಅದೆಲ್ಲ, ಅವರೆಕಾಯಿ, ತೊಗರಿಕಾಯಿ, ಹಸಿ ಕಡಲೆ, ಕಡಲೆಸೊಪ್ಪು, ಒಟ್ಟಿಗೆ ಬೇಯಿಸಿ ಮಾಡಿದ ಪಲ್ಲೆ. ಅದರಲ್ಲಿ ಒಂದು ಪಾಲನ್ನು ಚರಗ ಎಂದು ಭೂಮಿತಾಯಿಗೆ ಚೆಲ್ಲಿ, ಉಳಿದದ್ದನ್ನು ಬಂದವರೆಲ್ಲ ಉಣ್ಣುತ್ತಾರೆ. ಯಾರು ನಿನ್ನ ಹೊಲದಲ್ಲಿ ಆ ದಿನ ಉಂಡರೋ ಅವರು ಸುಗ್ಗಿಯಲ್ಲಿ ನಿನ್ನ ಜೋಳ ಕೀಳಲಿಕ್ಕೆ ಮುಯ್ಯಾಳಾಗಿ ಬರುತ್ತಾರೆ. ಯಾರೂ ಉಣ್ಣಲಿಲ್ಲವೋ, ಗಂಡಹೆಂಡಿರಿಬ್ಬರೇ ಕಿತ್ತುಕೊಳ್ಳಿ, ಉಳಿದದ್ದು ಹಕ್ಕಿಗೆ. ಇದನ್ನು ಯಾವ ಕೋರ್ಟೂ ಬರೆದಿಲ್ಲ. ಆದ್ದರಿಂದಲೇ ಎಲ್ಲರೂ ನಡೆಸುತ್ತಾರೆ.

ಅಮಾವಾಸ್ಯೆಯ ಹಿಂದಿನ ಸಂಜೆ ಕಲ್ಯಾಣಪ್ಪ ದಂಪತಿ ಬಂದು ಇಳಿದರು. ಚಹಾ ಆಯಿತು. ಗುರುಬಾಯಿ ಗಂಡನನ್ನು ಅಡಿಗೆಮನೆಗೆ ಕರೆದಳು.

"ನಾಳಿ ಭಜ್ಜಿಗೆ ಏನ ಹಾಕ್ಲಿ?"

"ವರ್ಷಾ ವರ್ಷಾ ಹಾಕೂದೇ ಹಾಕು."

"ಎಲ್ಲಿಂದ?"

"ಹೊಲದಾಗಿಂ…" ಎಂದು ಮಲಕಾಜಪ್ಪನ ಬಾಯಿ ಅಲ್ಲಿಗೇ ನಿಂತಿತು. ಕೆರೆಯಲ್ಲಿ ಎಮ್ಮೆ ಮುಳುಗಿದಂತೆ ಅವನ ಮುಖ ನಿಧಾನವಾಗಿ ಕೆಳಗೆ ಹೋಯಿತು. "ಮದಲಾ ಯಾಕ ಹೇಳ್ಲಿಲ್ಲ?"

"ಹೊಲದ ಮಾತ ಎತ್ತಬ್ಯಾಡ ಅಂದಿದ್ರಿ."

"ಅಕ್ಕಲಕೋಟಿ ಸಂತ್ಯಾಗಿಂದ…"

"ಸಂತೀ ಕಾಯಿ ಕೊಂಡ ತಂದು ಭೂಮಿತಾಯಿಗಿ ಚರಗಾ ಚೆಲ್ಲೂದು? ಆಕೀದು ಆಕೀಗಿ ಕೊಡೂದ ಬಿಟ್ಟು ಬಜಾರದ್ದು? ನಾ ಒಲಿ ಹೊತ್ತಸಂಗಿಲ್ಲ. ಅದೂ ಅಲ್ದ ಬಸ್ಸು ಹೋಗಿ ಎಷ್ಟೊತ್ತಾತು."

ನೆರೆಯವರನ್ನು ಕೇಳೋಣವೆಂದರೆ ಚರಗ ಚೆಲ್ಲುವವರೆಗೆ ಯಾರೂ ತಮ್ಮ ಹೊಲದ ಹಸಿರು ಹೊರಗೆ ಕೊಡುವುದಿಲ್ಲ. ಕೊಟ್ಟರೂ, "ಆದರ್ಶ ಶೇತದಾಗ ಒಂದ ಅವರಿಕಾಯಿ ಆಗಲಿಲ್ಲೇನಪಾ?" ಎಂದು ಕೇಳಿಯೇ ಕೊಡುತ್ತಾರೆ. ಆ ಮಾತು ಪಡಸಾಲೆಯಲ್ಲಿ ಕೂತ ಕಲ್ಯಾಣಪ್ಪನ ಕಿವಿಗೆ ಬಿದ್ದರೆ? ಮಲಕಾಜಪ್ಪ ಕೇಳುವುದಕ್ಕಿಂತ ಕದಿಯುವುದೇ ಮರ್ಯಾದೆ ಎಂದು ತೀರ್ಮಾನಿಸಿದ. ಮರ್ಯಾದೆ ಎಂಬ ರೋಗ ಹತ್ತಿದವನು ಹೀಗೇ ಯೋಚಿಸುತ್ತಾನೆ.

ಬೆಳಗಾಗುವ ಮುಂಚೆ ಮಬ್ಬಿನಲ್ಲಿ ಎದ್ದ. ದೇವರ ಕೆಲಸಕ್ಕೆ ಹೋಗುತ್ತಿರುವುದರಿಂದ ತಣ್ಣೀರು ಹೊಯ್ದುಕೊಂಡ. ಚಳಿಗೆ ಕರಿಕಂಬಳಿ ಹೊದ್ದು, ಒದ್ದೆ ಧೋತರದಲ್ಲೇ ಬುಟ್ಟಿ ಹಿಡಿದು ಹೊರಟ. ಅವನು ಕಳ್ಳನಲ್ಲ, ಪ್ರಾಮಾಣಿಕ ಮನುಷ್ಯ. ಅದೇ ಘಾತವಾಯಿತು. ಕಳ್ಳನಾಗಿದ್ದರೆ ಒಂದೇ ಹೊಲ ಬರಿದು ಮಾಡಿ ಓಡುತ್ತಿದ್ದ. ಇವನು ಯಾರಿಗೂ ಲುಕ್ಸಾನಾಗಬಾರದೆಂದು ಒಬ್ಬೊಬ್ಬರ ಹೊಲದಲ್ಲಿ ಒಂದೊಂದು ಹಿಡಿ ಕಿತ್ತ. ಕಿತ್ತಾಗೊಮ್ಮೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಹೊಲದವನ ಹೆಸರು ಹಿಡಿದು ಕ್ಷಮೆ ಕೇಳಿದ.

"ಬಂಡೆಪ್ಪಾ, ತಪ್ಪ ಆತೋ… ಭೂಮಿತಾಯಿ, ಬಂಡೆಪ್ಪನ ಹೊಲದಾಗಿಂದ ಒಯ್ಯಾಕತ್ತೀನಿ… ಶಂಕರೆಪ್ಪಾ, ನಿಂದೂ ಒಯ್ತೀನೋ… ಸಾತಲಿಂಗಣ್ಣಾ, ನಿಂದೂ…"

ಆ ಹೊತ್ತಿಗೆ ಬಂಡೆಪ್ಪ ತಂಬಿಗೆ ಹಿಡಿದು ಬನ್ನಿಮರದ ಮರೆಯಲ್ಲಿ ಕೂತಿದ್ದ. ಅಮಾವಾಸ್ಯೆ, ಕರಿಕಂಬಳಿ, ಒದ್ದೆ ಬಟ್ಟೆ, ಎಲ್ಲರ ಹೊಲದ ಒಂದೊಂದು ಹಿಡಿ, ಬಾಯಲ್ಲಿ ತನ್ನ ಹೆಸರು! ಬಂಡೆಪ್ಪ ಸ್ವಚ್ಛವಾಗಿ ಕೇಳಿದ, ಸ್ವಚ್ಛವಾಗಿ ನೋಡಿದ, ಮತ್ತು ತಂಬಿಗೆಯನ್ನು ಅಲ್ಲಿಯೇ ಬಿಟ್ಟು, ಕೂತ ಕೆಲಸವನ್ನೂ ಅರ್ಧಕ್ಕೇ ಬಿಟ್ಟು ಊರಿಗೆ ಓಡಿದ.

ಊರ ಬಾಗಿಲಲ್ಲಿ ಮುದುಕಿ ತುಳಜಾಬಾಯಿ ಸಿಕ್ಕಳು. ತುಳಜಾಬಾಯಿಗೆ ಹೇಳಿದರೆ ಡಂಗುರದವನಿಗೆ ಬೇರೆ ಕೊಡಬೇಕಾಗಿಲ್ಲ.

"ಆಯೀ, ಮಲಕಾಜಪ್ಪ ಮಾಟಾ ಮಾಡಾಕತ್ಯಾನ! ನನ್ನ ಹೆಸರ ತಗೊಂಡಾ!"

"ನಂಗ ಗೊತ್ತಿತ್ತು," ಎಂದಳು ತುಳಜಾಬಾಯಿ. ಅವಳಿಗೆ ಯಾವುದೇ ಸುದ್ದಿ ಹೇಳಿದರೂ ಹಾಗೆ ಅನ್ನುತ್ತಿದ್ದಳು. "ಅದಕ್ಕೇ ಹೊಲದಾಗ ತಗಡ ನಿಲ್ಲಿಸ್ಯಾನ. ಅದರ ಮ್ಯಾಲ ಬರದದ್ದು ಯಾರಿಗರೆ ಓದಾಕ ಬರ್ತದೇನು?"

ಮಲಕಾಜಪ್ಪ ಬುಟ್ಟಿ ತುಂಬಿಕೊಂಡು, ಯಾರೂ ನೋಡಲಿಲ್ಲವೆಂದು ದೇವರಿಗೆ ಕೈಮುಗಿದು ಮನೆಗೆ ಬಂದ. ಗುರುಬಾಯಿ ಬುಟ್ಟಿ ನೋಡಿದಳು, ಗಂಡನ ಮುಖ ನೋಡಿದಳು, ಹೊಲದ ಮಾತು ಎತ್ತದೆ ಕಾಯಿ ಸುಲಿಯತೊಡಗಿದಳು. ಭಜ್ಜಿಯ ವಾಸನೆಗೆ ತಡೆಯಲಾರದೆ ಕಲ್ಯಾಣಪ್ಪ ಮನೆಯಲ್ಲೇ ಎರಡು ಬಟ್ಟಲು ಬಾರಿಸಿದ. ಮೇಲೆ ಒಂದು ಹಿಡಿ ಹಸಿ ಕಡಲೆಯನ್ನೂ ಅಗಿದ.

ಮಧ್ಯಾಹ್ನ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಮಲಕಾಜಪ್ಪ ಕಲ್ಯಾಣಪ್ಪನನ್ನು ಜೋಳದ ನಡುವೆ ನಿಲ್ಲಿಸಿ, ಎದೆ ಉಬ್ಬಿಸಿ, ಕಾದಿಟ್ಟ ಮಾತು ಕೇಳಲಿಕ್ಕೆ ಬಾಯಿ ತೆರೆಯಬೇಕು, ಬದುವಿನ ಮೇಲೆ ಊರೇ ಬಂದು ನಿಂತಿದ್ದು ಕಾಣಿಸಿತು. ಪ್ರತಿ ವರ್ಷ ನಗುತ್ತ ನೇರ ಒಳಗೆ ಬಂದು ಪಂಕ್ತಿಗೆ ಕೂಡುವ ಜನ ಈ ಸಲ ಬದು ದಾಟಲಿಲ್ಲ. ಹೆಂಗಸರು ಕೂಸುಗಳ ಕಣ್ಣಿಗೆ ಸೆರಗು ಮುಚ್ಚಿದ್ದರು.

"ಬರ್ರಿ, ಬರ್ರಿ! ಯಾಕ ಅಲ್ಲೇ ನಿಂತೀರಿ? ಉಣ್ಣಾಕ ಬರ್ರಿ!" ಎಂದ ಮಲಕಾಜಪ್ಪ.

ಊರ ಹಿರಿಯ ಸಾತಲಿಂಗಪ್ಪ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. "ಉಣ್ಣೂಣಂತ. ಮದಲ ಒಂದ ಮಾತ ಹೇಳು. ಭಜ್ಜಿಗೆ ಅವರಿ ಎಲ್ಲೀವು?"

ಕಲ್ಯಾಣಪ್ಪ ಪಕ್ಕದಲ್ಲೇ ನಿಂತಿದ್ದಾನೆ. ಮಲಕಾಜಪ್ಪನ ನಾಲಿಗೆ ಅವನನ್ನು ಕೇಳದೆ ಹೊರಳಿತು. "ನನ್ನ ಹೊಲದಾಗಿನ್ವು. ಮತ್ತೆಲ್ಲೀವು?"

"ಬಳ್ಳಿ ತೋರಸು."

ಇಡೀ ಊರು ಹೊಲ ಸುತ್ತಿತು. ಒಳಗೆ ಕಾಲಿಡದೆ, ಬದುವಿನ ಮೇಲೇ ಸುತ್ತಿತು. ಅವರೆಯ ಬಳ್ಳಿ ಇಲ್ಲ. ಕಡಲೆಯ ಗಿಡ ಇಲ್ಲ. ಕುಸುಬಿ ಇಲ್ಲ, ಅಗಸಿ ಇಲ್ಲ. ಬೋಳಿಸಿದ ತಲೆಯಂಥ ನೆಲ, ಅದರ ಮೇಲೆ ಜೋಳ, ಬರೀ ಜೋಳ. ಎಲ್ಲರ ಮುಖ ಬೆಳ್ಳಗಾಯಿತು.

"ಯವ್ವಾ! ಹೊಲದಾಗಿನ ಪೂರಾ ಅಕ್ಕಡಿ ಒಣಗಿ ಹೋಗ್ಯಾವ!" ಎಂದಳು ತುಳಜಾಬಾಯಿ. "ಮಾಟಾ ಮಾಡಿದಾಂವನ ಹೊಲಾನೇ ಮದಲ ತಿಂತದದು. ಇನ್ನ ನಮ್ಮ ಹೊಲಕ್ಕ ಬರ್ತದ!"

ಈಗ ಮಲಕಾಜಪ್ಪನಿಗೆ ಅರ್ಥವಾಯಿತು. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು, ಕೊನೆಗೆ ಬುದ್ಧಿ ಬಂತು. ಯಾವಾಗಲೂ ಅದೇ ಕೊನೆಗೆ ಬರುವುದು. ಸೊಂಟದ ವಲ್ಲಿ ಬಿಚ್ಚಿ ನೆಲಕ್ಕೆ ಒಗೆದ.

"ಮಾಟಾ ಇಲ್ಲ ಮಣ್ಣೂ ಇಲ್ರೋ! ನಾ ಅಕ್ಕಡಿ ಹಾಕೇ ಇಲ್ಲ! ಭಜ್ಜಿಗಿ ಏನೂ ಇರಲಿಲ್ಲಂತ ನಿಮ್ಮೆಲ್ಲಾರ ಹೊಲದಾಗ ಕದ್ದೀನಿ! ಕಳ್ಳ ಅದೀನಿ ನಾನು, ಕಳ್ಳ! ಹೊಡೀರಿ ಬೇಕಾದ್ರ!"

ಹೊಡೆಯಲಿಕ್ಕೂ ಯಾರೂ ಬದು ದಾಟಲಿಲ್ಲ. ಆಮೇಲೆ ಸಾತಲಿಂಗಪ್ಪ ತಲೆ ಅಲ್ಲಾಡಿಸಿದ.

"ಮಲಕಾಜಪ್ಪಾ, ಸುಳ್ಳ ಹೇಳಿದರೂ ನಂಬೂವಂಥಾದ್ದ ಹೇಳ್ಬೇಕು. ಅಕ್ಕಡಿ ಹಾಕದನ ಜ್ವಾಳಾ ಬಿತ್ತಾಂವ ಯಾಂವ? ಹುಚ್ಚನೂ ಬಿತ್ತಂಗಿಲ್ಲ. ನಿಮ್ಮಪ್ಪ ಕುಡದ ಬಿದ್ದ ವರ್ಷಾನೂ ಅಕ್ಕಡಿ ಹಾಕ್ಯಾನ."

"ನಾ ಹಾಕಿಲ್ಲ! ನನ್ನ ಹೆಂಡ್ತೀನ ಕೇಳ್ರಿ!"

"ಹೆಂಡ್ತಿ ಗಂಡನ ಮ್ಯಾಲ ಹೇಳ್ತಾಳೇನು?"

"ಗ್ರಾಮಸೇವಕರನ ಕೇಳ್ರಿ! ಅವರೇ ಬೋರ್ಡ ಹಾಕ್ಯಾರ!"

ಗ್ರಾಮಸೇವಕ ಆ ಹೊತ್ತಿಗೆ ಸರಿಯಾಗಿ ಬಂದ. ಪುಕ್ಕಟೆ ಭಜ್ಜಿ ಇದ್ದಲ್ಲಿ ಅವನ ಸೈಕಲ್ಲು ತಾನಾಗಿಯೇ ತಿರುಗುತ್ತಿತ್ತು. ಮಲಕಾಜಪ್ಪ ಓಡಿಹೋಗಿ ಹ್ಯಾಂಡಲ್ ಹಿಡಿದ. "ಹೇಳ್ರಿ ಭಾವುಸಾಹೇಬ! ಒಂದ ಹೊಲಾ ಒಂದ ಪೀಕ ಅಂತ ನೀವು ಅಂದಿದ್ರಿಲ್ಲೋ?"

ಗ್ರಾಮಸೇವಕನ ಮುಖ ಬಾಡಿತು. ಹಿಂದಿನ ವಾರವಷ್ಟೇ ಸೋಲಾಪುರದಲ್ಲಿ ಹೊಸ ಸಾಹೇಬರು ಎಲ್ಲ ಗ್ರಾಮಸೇವಕರನ್ನು ಕೂಡಿಸಿ, ಮಳೆಯನ್ನೇ ನಂಬಿದ ಹೊಲಕ್ಕೆ ಮಿಶ್ರ ಪೀಕವೇ ಸರಿ, ರೈತರು ಮೊದಲಿನಿಂದ ಮಾಡುತ್ತ ಬಂದದ್ದೇ ಶಾಸ್ತ್ರ, ಯಾವ ಮೂರ್ಖ ಬೇರೆ ಹೇಳುತ್ತಿದ್ದಾನೆ ಎಂದು ಗದರಿಸಿದ್ದರು. ಆ ಮೂರ್ಖ ಹಿಂದಿನ ಸಾಲಿನಲ್ಲಿ ಕೂತಿದ್ದ.

"ಮೀ? ಛೇ ಛೇ! ನಾ ಯಾವಾಗ ಅಂದೀನಿ? ನಾ ಹಮೇಷಾ ಮಿಶ್ರ ಪೀಕ ಅಂತೀನಿ," ಎಂದು ಹೇಳಿ, ಸೈಕಲ್ಲನ್ನು ಬೋರ್ಡಿನ ಹತ್ತಿರ ಒಯ್ದು, ತಗಡನ್ನು ಕಿತ್ತು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟುಹೋದ. ಭಜ್ಜಿಯನ್ನೂ ಕೇಳಲಿಲ್ಲ. ಅದನ್ನು ನೋಡಿದ ಮೇಲೆ ಜನರಿಗೆ ಇದ್ದ ಸಂಶಯವೂ ಹೋಯಿತು. ಸರಕಾರವೇ ಹೆದರಿತೆಂದರೆ?

ಇನ್ನು ಉಳಿದವನು ಕಲ್ಯಾಣಪ್ಪ. ಅವನಿಗೆ ಪಾಪ, ಭಾವನ ಮೇಲೆ ಮರುಕ ಬಂತು. ಮುಂದೆ ಬಂದು ಹೇಳಿದ: "ನೋಡ್ರಿ, ನಮ್ಮ ದಾಜಿ ಮಾಟಗಾರ ಅಲ್ಲ. ನಾ ಗ್ಯಾರಂಟಿ ಕೊಡ್ತೀನಿ. ಅವರು ದಡ್ಡ ಅದಾರ. ಮಾಟಾ ಮಾಡಾಕ ಬುದ್ಧಿ ಬೇಕು. ನಾನ ಮುಂಜಾನಿ ಎರಡ ಬಟ್ಟಲ ಭಜ್ಜಿ ತಿಂದೀನಿ, ನನಗೇನ…"

ಅಷ್ಟರಲ್ಲಿ ಹಸಿ ಕಡಲೆ ತನ್ನ ಕೆಲಸ ಮಾಡಿತು. ಕಲ್ಯಾಣಪ್ಪ ಹೊಟ್ಟೆ ಹಿಡಿದುಕೊಂಡು ಮೊಳಕಾಲೂರಿದ. ನೀಲಗಂಗಾ ಒಮ್ಮೆಲೆ ಚೀರಿದಳು: "ಅಯ್ಯ ನನ್ನ ಗಂಡಗ ಏನ ಹಾಕೀರಿ? ಮನೀ ಮಗಳ ಗಂಡ ಅಂತ ನಂಬಿ ಬಂದ್ರ!" ಬದುವಿನ ಮೇಲಿನ ಜನ ಚಪ್ಪಲಿ ಬಿಟ್ಟು ಓಡಿದರು. ಕಲ್ಯಾಣಪ್ಪನನ್ನು ಗಾಡಿಯಲ್ಲಿ ಹಾಕಿ ಅಕ್ಕಲಕೋಟೆಗೆ ಒಯ್ದರು. ದಾರಿಯಲ್ಲಿ ಮೂರು ಕಡೆ ಗಾಡಿ ನಿಲ್ಲಿಸಿದ ಮೇಲೆ ಅವನಿಗೆ ಪೂರ್ತಿ ಗುಣವಾಯಿತು. ಆದರೆ ಗುಣವಾದದ್ದನ್ನು ನೋಡಲಿಕ್ಕೆ ಊರವರು ಯಾರೂ ಅಲ್ಲಿರಲಿಲ್ಲ.

ಹೊಲದಲ್ಲಿ ಗುರುಬಾಯಿ, ಮಲಕಾಜಪ್ಪ, ಊರಿಗೆಲ್ಲ ಸಾಕಾಗುವಷ್ಟು ಭಜ್ಜಿ. ಚರಗ ಚೆಲ್ಲುವಾಗ ಒಬ್ಬರು ಮುಂದೆ "ಹುಲ್ಲುಲ್ಲಿಗೋ" ಎನ್ನಬೇಕು, ಹಿಂದಿನವರು "ಸಲಾಂಬ್ರಿಗೋ" ಎನ್ನಬೇಕು. ಮಲಕಾಜಪ್ಪ ಅಂದ. ಗುರುಬಾಯಿ ಅಂದಳು. ಬೇರೆ ಹೊಲಗಳವರು ಆ ದನಿ ಕೇಳಿ ತಮ್ಮ ಪಂಕ್ತಿಯನ್ನು ಇನ್ನಷ್ಟು ದೂರ ಸರಿಸಿದರು.

ಸುಗ್ಗಿ ಬಂತು. ಹಿಂಗಾರಿ ಜೋಳವನ್ನು ನಮ್ಮಲ್ಲಿ ಕೊಯ್ಯುವುದಿಲ್ಲ, ಬೇರು ಸಹಿತ ಕೀಳುತ್ತಾರೆ. ಎರೆಭೂಮಿ ಒಣಗಿ ಕಲ್ಲಾದ ಹೊತ್ತು, ಒಬ್ಬರಿಬ್ಬರ ಕೈಗೆ ಅದು ಬಗ್ಗುವುದಿಲ್ಲ. ಉಳಿದವರ ಹೊಲಗಳಲ್ಲಿ ಕಡಲೆಸಾಲಿನ ನೆರಳಿಗೆ ನೆಲ ಸ್ವಲ್ಪವಾದರೂ ಹದವಾಗಿತ್ತು. ಮಲಕಾಜಪ್ಪನ ಹೊಲ ಮಾತ್ರ ಕಾಲು ಹೋಗುವಷ್ಟು ಬಿರುಕು ಬಿಟ್ಟು, ಬೇರುಗಳನ್ನು ಹಲ್ಲಲ್ಲಿ ಕಚ್ಚಿಕೊಂಡಂತೆ ಹಿಡಿದಿತ್ತು. ಎಮ್ಮೆಗಳು ಒಂದು ಬದಿ ಮುಗಿಸಿದ್ದವು. ಹಕ್ಕಿಗಳು ಮೇಲಿನಿಂದ ಮುಗಿಸುತ್ತಿದ್ದವು. ಮಲಕಾಜಪ್ಪ ಮನೆಮನೆಗೆ ಹೋಗಿ ಮುಯ್ಯಾಳು ಕೇಳಿದ. ಬಾಗಿಲ ಸಂದಿಯಿಂದ ನಿಂಬೆಹಣ್ಣು ಹೊರಗೆ ಉರುಳಿ ಬಂದವೇ ಹೊರತು ಆಳು ಬರಲಿಲ್ಲ. ಗುರುಬಾಯಿಯ ಅಂಗೈ ಸುಲಿದು ರಕ್ತ ಬಂತು. ಅರಿವೆ ಸುತ್ತಿಕೊಂಡು ಕಿತ್ತಳು. ಆಗಲೂ ಹೊಲದ ಮಾತು ಎತ್ತಲಿಲ್ಲ. ಎತ್ತಿದ್ದರೆ ಮಲಕಾಜಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಹೀಗೆ ಗಂಡಹೆಂಡಿರು ಹೆಣಗುತ್ತಿರುವಾಗ ಒಂದು ದಿನ ಬಂಡೆಪ್ಪ ಬದುವಿನ ಮೇಲೆ ಬಂದು ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ದನಿ ಇಳಿಸಿದ.

"ಮಲಕಾಜಪ್ಪಣ್ಣಾ."

ಇಲ್ಲಿಯವರೆಗೆ ಅವನು ಮಲಕಾಜಪ್ಪನಿಗೆ ಅಣ್ಣ ಎಂದವನೇ ಅಲ್ಲ.

"ಏನ?"

"ಅಲ್ಲ… ನಮ್ಮ ಶಂಕರ್‍ಯಾನ ಹೊಲಾನೂ ಹಿಂಗ ಮಾಡಾಕ ಬರ್ತದೇನು?"

ಮಲಕಾಜಪ್ಪನಿಗೆ ರಕ್ತ ತಲೆಗೇರಿತು. ಒಂದು ಹೆಂಟೆ ಎತ್ತಿದ. ಒಗೆಯಬೇಕು, ಕಣ್ಣು ಜೋಳದ ಮೇಲೆ ಹೋಯಿತು. ಇನ್ನೂ ಕೀಳದೆ ನಿಂತಿತ್ತು, ಬದುವಿನಿಂದ ಬದುವಿನವರೆಗೆ. ಗುರುಬಾಯಿ ಕೈಗೆ ಅರಿವೆ ಸುತ್ತಿಕೊಳ್ಳುತ್ತಿದ್ದಳು. ಮಲಕಾಜಪ್ಪ ಹೆಂಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ಬರ್ತದ," ಎಂದ. "ಆದ್ರ ಮಂತ್ರಾ ಸುಮ್ನ ಹತ್ತಂಗಿಲ್ಲ. ಕೇಳಿದಾಂವ ನನ್ನ ಹೊಲದಾಗ ಮೈಬೆವರ ಸುರಸಬೇಕು. ಜ್ವಾಳಾ ಮುಗೀಬೇಕು, ಮಂತ್ರಾ ಹತ್ತಬೇಕು. ಮತ್ತ ಬಾಯಿ ಬಿಟ್ಟೀ ಅಂದ್ರ ಉಲ್ಟಾ ಹೊಡೀತದ."

ಬಂಡೆಪ್ಪ ಧೋತರ ಮೇಲೆ ಕಟ್ಟಿದ.

ಮರುದಿನ ಶಂಕರೆಪ್ಪ ಇನ್ನೊಂದು ಬದಿಯಿಂದ ಬಂದ. ಅವನಿಗೆ ಬಂಡೆಪ್ಪನ ಹೊಲ ಹಾಳಾಗಬೇಕಿತ್ತು. ಆಮೇಲೆ ಸಾತಲಿಂಗಪ್ಪನೂ ಬಂದ. ಹಿರಿಯನಾದದ್ದರಿಂದ ಅವನಿಗೆ ಇಬ್ಬರ ಹೊಲ ಹಾಳಾಗಬೇಕಿತ್ತು. ವಾರ ತುಂಬುವುದರೊಳಗೆ ಮಲಕಾಜಪ್ಪನ ಹೊಲದಲ್ಲಿ ಊರಿನ ಗಂಡಸರೆಲ್ಲ ಸಾಲು ಹಿಡಿದು ಜೋಳ ಕೀಳುತ್ತಿದ್ದರು. ಯಾರೂ ಯಾರ ಮುಖ ನೋಡಲಿಲ್ಲ. "ಏನಪಾ, ನೀನೂ?" ಎಂದು ಯಾರೂ ಕೇಳಲಿಲ್ಲ. ಅಣ್ಣ ಕಿತ್ತದ್ದನ್ನು ತಮ್ಮ ಸೂಡು ಕಟ್ಟಿದ. ವರ್ಷಗಟ್ಟಲೆ ಇಷ್ಟು ಒಗ್ಗಟ್ಟು ಆ ಊರು ಕಂಡಿರಲಿಲ್ಲ. ರಾಶಿ ಮನೆಗೆ ಬಂತು. ಮಲಕಾಜಪ್ಪ ಮೀಸೆ ಸವರಿಕೊಂಡು ಹೆಂಡತಿಗೆ ಹೇಳಿದ, "ನೋಡು, ಮಂದೀನ ಹ್ಯಾಂಗ ತರಬೇಕು ನಂಗ ಗೊತ್ತದ."

ಗುರುಬಾಯಿ ಅವನನ್ನು ನೋಡಿದ ನೋಟ ನೆಟ್ಟಗಿರಲಿಲ್ಲ. "ಅವರು ಖರೇ ಅಂತ ತಿಳಕೊಂಡಾರ್ರೀ," ಎಂದಳು.

"ತಿಳಕೊಳ್ಳಲಿ. ನಂದೇನ ಹೋಗ್ತದ?"

ಏನು ಹೋಗುತ್ತದೆ ಎಂಬುದು ಮುಂದಿನ ಹಿಂಗಾರಿ ಬಿತ್ತಿಗೆಗೆ ಗೊತ್ತಾಯಿತು. ಮಳೆ ಚೆನ್ನಾಗಿ ಆಗಿತ್ತು. ಮಲಕಾಜಪ್ಪ ಈ ವರ್ಷ ತಾನೇ ಹೆಂಡತಿಯ ಉಡಿಗೆ ಬೀಜ ತುಂಬಿದ. ಬೂದಿಯಲ್ಲಿ ಒಂದು ವರ್ಷ ಕೂತರೂ ಕಡಲೆ ಕೆಟ್ಟಿರಲಿಲ್ಲ. ಹೊಲಕ್ಕೆ ಬಂದು ನೋಡುತ್ತಾನೆ, ಬಂಡೆಪ್ಪನ ಕೂರಿಗೆ ನಡೆದಿದೆ, ಹಿಂದೆ ಅಕ್ಕಡಿ ಹಾಕುವ ಹೆಂಗಸಿಲ್ಲ.

"ಏ ಬಂಡೆಪ್ಪಾ, ಅಕ್ಕಡಿ ಎಲ್ಲೋ?"

ಬಂಡೆಪ್ಪ ಎರಡೂ ಕೈ ಮುಗಿದ. "ಈ ವರ್ಷ ಬಿಟ್ಟೀನಣ್ಣಾ. ಶಂಕರ್‍ಯಾನೂ ನಿನ್ನ ಹೊಲದಾಗ ಜ್ವಾಳಾ ಕಿತ್ತಾನ. ಯಾತಕ್ಕ ಕಿತ್ತಾನ ನಂಗ ತಿಳ್ಯಾಂಗಿಲ್ಲೇನು? ಹೆಂಗೂ ಒಣಗಿ ಹೋಗೂದದ, ಬೀಜಾ ಯಾಕ ಮಣ್ಣಾಗ ಹಾಕ್ಲಿ? ಬಿತ್ತೂ ಕಡ್ಲಿ ಪೂರಾ ಹುಸಲಿ ಮಾಡಿ ತಿಂದ್ವಿ."

ಶಂಕರೆಪ್ಪನ ಹೊಲಕ್ಕೆ ಓಡಿದ. ಅಲ್ಲಿಯೂ ಅದೇ. ಸಾತಲಿಂಗಪ್ಪನ ಹೊಲಕ್ಕೆ ಓಡಿದ. ಸಾತಲಿಂಗಪ್ಪ ತನ್ನ ಅವರೆಬೀಜ ಮಾರಿಬಿಟ್ಟಿದ್ದ, ಅಗಸಿಯನ್ನು ಹಿಂಡಿ ಮಾಡಿಸಿ ಎತ್ತಿಗೆ ಹಾಕಿದ್ದ. ಪ್ರತಿಯೊಬ್ಬನೂ ಇನ್ನೊಬ್ಬನ ಮಾಟಕ್ಕೆ ಹೆದರಿ, ಮಾಟ ಬರುವ ಮುಂಚೆಯೇ ತನ್ನ ಹೊಲವನ್ನು ತಾನೇ ಬೋಳಿಸಿಕೊಂಡಿದ್ದ. ಕಣ್ಣು ಹಾಯುವವರೆಗೆ ಶುದ್ಧ ಜೋಳ.

ದಾರಿಯಲ್ಲಿ ಗ್ರಾಮಸೇವಕ ಸೈಕಲ್ಲಿನಿಂದ ಇಳಿದು ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. "ಅರೆ ದೇವಾ! ಹೋದ ವರ್ಷ ಇಡೀ ಊರು ಹಿಂಗ ಬಿತ್ತಿದ್ರ ನನಗ ಬಢತಿ ಸಿಗ್ತಿತ್ತು! ಈ ವರ್ಷ ನೌಕರಿ ಹೋಗ್ತದ!"

ಮಲಕಾಜಪ್ಪ ಬದುವಿನಿಂದ ಬದುವಿಗೆ ಓಡಾಡಿ ಒದರಿದ. "ಹಾಕ್ರೋ! ಅಕ್ಕಡಿ ಹಾಕ್ರೋ! ಮಾಟಾ ಇಲ್ರೋ, ನಾ ಸುಳ್ಳ ಹೇಳೀನಿ! ನಂಗ ಒಂದೂ ಮಂತ್ರಾ ಬರಂಗಿಲ್ಲ! ಎಮ್ಮಿ ನುಗ್ತಾವ, ನೆಲಾ ಸೀಳ್ತದ, ಹಾಕ್ರೋ!" ಜನ ದೂರದಿಂದಲೇ ಕೈ ಮುಗಿದರು. ಅವನು ಹಾಕಿರೆಂದು ಇಷ್ಟು ಒತ್ತಾಯ ಮಾಡುವುದರಲ್ಲೇ ಏನೋ ಇದೆ ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು. ಹಾಕಿದ್ದರೂ ಹಾಕುತ್ತಿದ್ದ ಒಂದಿಬ್ಬರು ಅವನ ಮಾತು ಕೇಳಿದ ಮೇಲೆ ಉಡಿಯ ಬೀಜ ಬಿಚ್ಚಿ ಮನೆಗೆ ಕಳಿಸಿದರು.

ಗಂಟಲು ಕಟ್ಟಿ, ತನ್ನ ಹೊಲಕ್ಕೆ ತಿರುಗಿ ಬಂದು ಕುಸಿದು ಕೂತ. ಗುರುಬಾಯಿ ನೀರಿನ ತಂಬಿಗೆ ಕೊಟ್ಟಳು. ಬಿತ್ತಿಗೆಯ ದಿನ ಕೊಟ್ಟ ಮಾತನ್ನು ಒಂದು ವರ್ಷದ ಮೇಲೆ ಅವತ್ತು ಮುರಿದಳು.

"ಮಂತ್ರಾ ಬರಂಗಿಲ್ಲ ಅಂತೀರಿ. ಊರಾಗ ಒಂದ ಕಡ್ಲಿ ಗಿಡಾ ಉಳೀಲಿಲ್ಲ. ಇನ್ನೇನ ಬರಬೇಕಾಗಿತ್ರಿ ನಿಮಗ?"

ಮಲಕಾಜಪ್ಪ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟ. ಎದ್ದು, ಅವಳ ಉಡಿಯೊಳಗೆ ಕೈ ಹಾಕಿ, ಎರಡು ಮುಷ್ಟಿ ತುಂಬ ಕಡಲೆ ತೆಗೆದು, ಬದು ದಾಟಿ ಬಂಡೆಪ್ಪನ ಹೊಲಕ್ಕೆ ಬೀಸಿ ಒಗೆದ. ಹದವಾದ ನೆಲ. ಕಾಳು ಬಿದ್ದಲ್ಲಿ ಕೂತವು. ಇಷ್ಟಾದರೂ ಹುಟ್ಟಲಿ, ಒಂದು ಹೊಲದಲ್ಲಾದರೂ ಉಳಿಯಲಿ ಎಂದು ಮತ್ತೆರಡು ಮುಷ್ಟಿ ಒಗೆದ.

ಅತ್ತ ಬಂಡೆಪ್ಪ ಕೂರಿಗೆ ನಿಲ್ಲಿಸಿ ಬೊಬ್ಬೆ ಹೊಡೆದ. ಹೆಂಡತಿ, ಸೊಸೆ, ಮುದುಕಿ ತುಳಜಾಬಾಯಿ, ಎಷ್ಟೋ ವರ್ಷದಿಂದ ಅಣ್ಣನ ಹೊಲಕ್ಕೆ ಕಾಲಿಡದ ಶಂಕರೆಪ್ಪ, ಎಲ್ಲರೂ ಓಡಿ ಬಂದರು. ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು, ಬರಿಗೈ ತಾಗಿಸದೆ, ಒಲೆಯ ಚಿಮ್ಮಟದಿಂದ ಒಂದೊಂದೇ ಕಾಳು ಮಣ್ಣಿನಿಂದ ಎತ್ತಿ, ಕುಳ್ಳಿನ ಬೆಂಕಿಗೆ ಹಾಕತೊಡಗಿದರು. ಕಡಲೆ ಚಟಪಟ ಎಂದು ಹುರಿದು ಸಿಡಿಯಿತು.

"ನೆಟ್ಟಗ ನೋಡಿ ತಗೀರಿ!" ಎಂದು ಬಂಡೆಪ್ಪ ಒದರುತ್ತಿದ್ದ. "ಒಂದನೂ ಬಿಡಬ್ಯಾಡ್ರಿ, ಬೇರ ಹಿಡದಾವು!"